ಎಲ್ಲಿಗೆ ಮುಟ್ಟಿತು?

ಈಗ ಬೆಳಿಗ್ಗೆ ಏಳೂವರೆಗೆ ನಮ್ಮ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಸರಿಯಾಗಿ ಕೇಳಿಸುತ್ತದೆ. ಇಷ್ಟು ವರ್ಷ ಕೇಳಿಸುತ್ತಿರಲಿಲ್ಲ. ಆ ಹೊತ್ತಿಗೆ ಪಕ್ಕದ ಮನೆಯ ಬಚ್ಚಲಿನಿಂದ, "ಉಚ್ಚಿಲ, ಮೂಳೂರು, ಕಾಪು ಕಾಪು ಕಾಪು! ಕಟಪಾಡಿ, ಉದ್ಯಾವರ, ಅಂಬಲಪಾಡಿ, ಉಡುಪೀ..." ಎಂದು ಒಂದು ಗಂಡು ಸ್ವರ ನೀರು ಹುಯ್ದುಕೊಳ್ಳುತ್ತಾ ಕೂಗುತ್ತಿತ್ತು. ಆ ಸ್ವರದ ಮುಂದೆ ಕುಕ್ಕರು ಎಷ್ಟರದ್ದು! ಮೊನ್ನೆ ಅನ್ನ ತಳ ಹಿಡಿಯದೆ ಸರಿಯಾಗಿ ಬೆಂದಿತ್ತು. ಬಡಿಸಿಕೊಂಡವಳು ಯಾಕೋ ಪಕ್ಕದ ಬಚ್ಚಲಿನ ಕಡೆಗೇ ಕಿವಿ ಕೊಟ್ಟು ಕೂತೆ.

ನಾನು ದಾವಣಗೆರೆ ಕಡೆಯವಳು. ಕಾಪುವಿನ ಹತ್ತಿರದ ಹೈಸ್ಕೂಲೊಂದಕ್ಕೆ ಕನ್ನಡ ಟೀಚರಾಗಿ ಬಂದು, ಉಚ್ಚಿಲದಲ್ಲಿ ಹೈವೇಗೂ ಸಮುದ್ರಕ್ಕೂ ನಡುವೆ ಒಂದು ಬಾಡಿಗೆ ಮನೆ ಹಿಡಿದೆ. ಬಂದ ಮೊದಲ ವಾರ ಆ ಕೂಗು ಕೇಳಿ, ಬಸ್ಸು ಇಷ್ಟು ಹತ್ತಿರ ಬರುತ್ತದೆಯೇ ಎಂದು ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಓಡಿದ್ದೂ ಉಂಟು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದರು. ನಗು ತಡೆದುಕೊಂಡು, "ಬಸ್ಸು ಅಲ್ಲ ಟೀಚರ್. ನಮ್ಮವರು ಸ್ನಾನ ಮಾಡ್ತಾ ಇದ್ದಾರೆ" ಎಂದರು. ಅಷ್ಟು ಹೇಳಿ ಬಚ್ಚಲಿನ ಕಡೆ ತಿರುಗಿ ತುಳುವಿನಲ್ಲಿ ಏನೋ ಕೂಗಿದರು. ಒಳಗಿನಿಂದ "ಉದ್ಯಾವರ!" ಎಂದು ಉತ್ತರ ಬಂತು. ಆಕೆ ಸಮಾಧಾನದಿಂದ ಇನ್ನೊಂದು ಬಟ್ಟೆ ಹಿಂಡಿದರು.

ಆಕೆ ಕೂಗಿದ ಮಾತಿನ ಅರ್ಥ ನನಗೆ ಆಮೇಲೆ ಗೊತ್ತಾಯಿತು. "ಎಲ್ಲಿಗೆ ಮುಟ್ಟಿತು?"

ಆಕೆಯ ಗಂಡನಿಗೆ ಫಿಟ್ಸ್ ಇತ್ತು. ಹರೆಯದಲ್ಲಿ ಕೆಲವು ಕಾಲ ಖಾಸಗಿ ಬಸ್ಸಿನಲ್ಲಿ ಕ್ಲೀನರ್ ಆಗಿದ್ದು, ಆಮೇಲೆ ಮನೆತನದ ಕಸುಬಿಗೆ ಮರಳಿ ಮಲ್ಪೆಯಿಂದ ಬೋಟಿಗೆ ಹೋಗುತ್ತಿದ್ದವರು. ಒಂದು ದಿನ ನಡುನೀರಿನಲ್ಲಿ ಬೋಟಿನ ಅಂಚಿಗೆ ಬಿದ್ದು ಕೈಕಾಲು ಸೆಟೆದುಕೊಂಡರು. ಜೊತೆಗಿದ್ದವರು ಅಂಗಿ ಹಿಡಿದು ಎಳೆದುಕೊಳ್ಳದಿದ್ದರೆ ಅವತ್ತೇ ಮುಗಿಯುತ್ತಿತ್ತು. ಮಣಿಪಾಲದ ಡಾಕ್ಟರು ಮಾತ್ರೆ ಬರೆದುಕೊಟ್ಟು, ನೀರು, ಬೆಂಕಿ, ಎತ್ತರ, ಸ್ಟೇರಿಂಗು ಇವುಗಳ ಹತ್ತಿರ ಹೋಗಕೂಡದು ಎಂದರಂತೆ. ಅವತ್ತಿನಿಂದ ಅವರು ದಡದಲ್ಲೇ ಉಳಿದು ಬಲೆ ಹೆಣೆಯುವ, ಹರಿದ ಬಲೆ ಸರಿಮಾಡುವ ಕೆಲಸ ಹಿಡಿದರು. ಬಚ್ಚಲಿನ ಚಿಲಕ ಕಿತ್ತು ತೆಗೆದರು. ಒಳಗೆ ಇರುವಷ್ಟು ಹೊತ್ತೂ ಮಾತಾಡುತ್ತಾ ಇರಬೇಕು ಎಂದು ಹೆಂಡತಿ ಹೇಳಿದರು. ಒಬ್ಬರೇ ಎಂತ ಮಾತಾಡುವುದು? ಬಾಯಿಗೆ ಬಂದದ್ದು ಹಳೆಯ ಬಸ್ಸಿನ ಸ್ಟಾಪುಗಳು. ಸಾಮಾನ್ಯ ದಿನದ ಸ್ನಾನ ಮಣಿಪಾಲಕ್ಕೆ ಮುಗಿಯುತ್ತಿತ್ತು. ಚಳಿಯಿದ್ದರೆ ಬಿಸಿನೀರಿನ ಆಸೆಗೆ ಪರ್ಕಳ. ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳದವರೆಗೆ ಹೋಗುತ್ತಿದ್ದದ್ದು ದೀಪಾವಳಿಯ ಎಣ್ಣೆಸ್ನಾನದ ದಿನ ಮಾತ್ರ.

ಕಾಯಿಲೆಯ ವಿಷಯದಲ್ಲಿ ಅವರಿಗೆ ನಾಚಿಕೆ ಇರಲಿಲ್ಲ. ಅದನ್ನು ಬೇಕಾದಲ್ಲಿ ಬಳಸಿಕೊಳ್ಳುವ ಜಾಣತನವೂ ಇತ್ತು. ಹೆಂಡತಿ ಬಲ್ಬು ಬದಲಾಯಿಸಿ ಎಂದರೆ "ಎತ್ತರ ಬಂದ್" ಎನ್ನುವರು. ಚಹಾ ಮಾಡಿ ಎಂದರೆ "ಬೆಂಕಿ ಬಂದ್". ನಮ್ಮ ಶಾಲೆಯ ಮಕ್ಕಳಿಗೆ ಬಲೆ ಹೆಣೆಯುವುದನ್ನು ತೋರಿಸಲು ಒಮ್ಮೆ ಕರೆದುಕೊಂಡು ಹೋಗಿದ್ದೆ. ವೇದಿಕೆ ಹತ್ತಲು ಖಡಾಖಂಡಿತ ನಿರಾಕರಿಸಿದರು. "ಡಾಕ್ಟರ ಆರ್ಡರ್ ಉಂಟು ಟೀಚರೇ. ಸ್ಟೇಜು ಸಹ ಎತ್ತರವೇ ಅಲ್ವಾ?" ಎಂದು ಕೆಳಗೆ ನೆಲದಲ್ಲೇ ಕಾಲು ಚಾಚಿ ಕೂತು, ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಶುರುಮಾಡಿದರು. ಮುಖ್ಯೋಪಾಧ್ಯಾಯರು ಮೇಲೆ ಕೂತು ಬಗ್ಗಿ ಬಗ್ಗಿ ನೋಡಬೇಕಾಯಿತು.

ನನ್ನ ಜೊತೆ ಅವರು ಆಡುತ್ತಿದ್ದ ಕನ್ನಡವೇ ಒಂದು ಚಂದ. ನನಗೆ ಆಗ ತುಳು ಬಾರದು. ಟೀಚರಮ್ಮನ ಮುಂದೆ ತಪ್ಪಬಾರದೆಂದು ಅವರು ಒಂದೊಂದು ಕ್ರಿಯಾಪದವನ್ನೂ ಕೊನೆಯವರೆಗೆ ಉಚ್ಚರಿಸುತ್ತಿದ್ದರು. ಆತುರ ಬಂದಾಗ ಮಾತ್ರ ಅದು ಜಾರಿ, ಮಾರಾಯ್ರೆ, ಎಂತ, ಉಂಟು ಎಲ್ಲ ಹೊರಗೆ ಬೀಳುತ್ತಿದ್ದವು. ನಮ್ಮ ಕಡೆಯ ಕನ್ನಡ ಅವರಿಗೆ ಜಗಳದಂತೆ ಕೇಳಿಸುತ್ತಿತ್ತಂತೆ. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ ದಿನ, "ಊರಲ್ಲಿ ಎಂತ ಗಲಾಟೆ ಟೀಚರೇ?" ಎಂದು ಆತಂಕದಿಂದ ವಿಚಾರಿಸುವರು.

ಒಮ್ಮೆ ಬೀದಿಯಲ್ಲೇ ಫಿಟ್ಸ್ ಬಂದು ಬಿದ್ದಿದ್ದರು. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂದು ಜನ ನಂಬಿಕೊಂಡಿದ್ದಾರಲ್ಲ, ಅಕ್ಕಪಕ್ಕದವರೆಲ್ಲ ಓಡಿಬಂದು ತಮ್ಮ ತಮ್ಮ ಬೀಗದಕೈ ಅವರ ಮುಷ್ಟಿಗೆ ತುರುಕಿದರು. ಹೆಂಡತಿ ಮಾತ್ರ ಯಾರ ಗೊಡವೆಗೂ ಹೋಗದೆ, ಡಾಕ್ಟರು ಹೇಳಿಕೊಟ್ಟಂತೆ ಅವರನ್ನು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಸೆರಗಿನ ಸುರುಳಿ ಇಟ್ಟು ಕಾದರು. ಎಚ್ಚರವಾಗಿ ಕೂತವರು ಕೈಯಲ್ಲಿದ್ದ ಗೊಂಚಲು ನೋಡಿಕೊಂಡು, "ಇದು ಯಾರ್ಯಾರ ಮನೆ? ಇವತ್ತು ಎಲ್ಲರೂ ಹೊರಗೆಯೇ ಮಲಗುವುದಾ?" ಎಂದು ಕೇಳಿದರು. ಬೀದಿಯೆಲ್ಲ ನಕ್ಕಿತು. ಹೆಂಡತಿ ನಗಲಿಲ್ಲ.

ಸಂಜೆ ಅವರು ಸಮುದ್ರದ ಬಳಿಗೆ ಹೋಗುತ್ತಿದ್ದರು. ಅಲೆ ಬಡಿಯದಿರಲೆಂದು ಹಾಕಿದ ಕಲ್ಲುಗಳ ಈಚೆ, ಸಮುದ್ರಕ್ಕೆ ಬೆನ್ನು ಹಾಕಿ, ನಮ್ಮ ಮನೆಗಳ ಕಡೆ ಮುಖ ಮಾಡಿ ಕೂರುವರು. "ಇದೆಂಥಾ ಕೂರುವುದು ಅಣ್ಣಾ, ಸಮುದ್ರ ಆ ಕಡೆ ಇದೆ" ಎಂದು ನಾನು ತಮಾಷೆ ಮಾಡಿದ್ದೆ. "ಶಬ್ದ ಕೇಳ್ತದೆ, ಸಾಕು. ನೋಡಿದರೆ ಆಸೆ ಆಗ್ತದೆ ಟೀಚರೇ" ಎಂದರು. ಆಮೇಲೆ ನಾನು ಆ ತಮಾಷೆ ಮಾಡಲಿಲ್ಲ.

ಅವರ ಇನ್ನೊಂದು ದೊಡ್ಡ ಆಸೆ ಮಗಳು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಬಲೆಯ ತುಂಡೊಂದನ್ನು ಎರಡು ತೆಂಗಿನಮರಗಳ ನಡುವೆ ಕಟ್ಟಿ ಅದರಲ್ಲಿ ಅವಳನ್ನು ಕೂರಿಸಿ ತೂಗುವರು. ಅವಳು "ಹರಿದರೆ ಪಪ್ಪಾ?" ಎಂದು ಹೆದರಿದಾಗ ಹೇಳುತ್ತಿದ್ದ ಮಾತು ನಮ್ಮ ಅಂಗಳಕ್ಕೂ ಕೇಳಿಸುತ್ತಿತ್ತು. "ಪಪ್ಪ ಕಟ್ಟಿದ ಬಲೆ ಆನೆ ಕೂತರೂ ಹರಿಯುವುದಿಲ್ಲ." ಮಗಳನ್ನು ಅವರು ಗದರಿದ್ದನ್ನು ನಾನು ನೋಡಿಲ್ಲ. ಗದರುವ ಕೆಲಸವೆಲ್ಲ ತಾಯಿಯದ್ದು. ಅವಳು ನನ್ನ ಬಳಿ ಪಾಠಕ್ಕೆ ಬರುವಾಗ ಪುಸ್ತಕದ ಚೀಲವನ್ನು ಅವರೇ ಹೊತ್ತುಕೊಂಡು ನಾಲ್ಕು ಹೆಜ್ಜೆ ಬಂದು ಬಿಟ್ಟುಹೋಗುವರು. ಹುಡುಗಿ ರಾಣಿಯಂತೆ ಹಿಂದೆ ಬರುವಳು.

ಎರಡು ಮನೆಗಳಿಗೂ ಒಂದೇ ಬಾವಿ. ಸಿಮೆಂಟಿನ ರಿಂಗು ಇಳಿಸಿದ ಇಕ್ಕಟ್ಟಾದ ಬಾವಿ, ನಡುವೆ ಪಂಪಿನ ಪೈಪು. ಈ ಊರಿನ ಬಾವಿಗಳನ್ನು ನೋಡಿದವರಿಗೆ ಗೊತ್ತು, ತರಗೆಲೆ ಬೀಳದಿರಲೆಂದು ಎಲ್ಲರೂ ಮೇಲೆ ಹಳೆಯ ಮೀನುಬಲೆ ಹೊದಿಸುತ್ತಾರೆ. ನಮ್ಮ ಬಾವಿಗೂ ಅವರೇ ಒಂದು ಬಲೆ ಕೊಟ್ಟಿದ್ದರು. ತಾವು ಬಾವಿಕಟ್ಟೆಯ ಹತ್ತಿರ ಬರದೆ, ದೂರದ ತೆಂಗಿನಮರದ ಬುಡದಲ್ಲಿ ಕೂತು ಹೇಗೆ ಕಟ್ಟಬೇಕೆಂದು ಹೆಂಡತಿಗೆ ಹೇಳುತ್ತಿದ್ದರು. ಎಲೆ ತಡೆಯುವುದಕ್ಕೆ ಹಳೆಯದೇ ಸಾಕು ಎಂದು ಕೊಟ್ಟ ಬಲೆ. ನೀರಿನಲ್ಲಿ ವರ್ಷಗಟ್ಟಲೆ ಬಾಳುವ ಆ ನೂಲು ಬಿಸಿಲಿಗೆ ಬಿದ್ದರೆ ಹಪ್ಪಳವಾಗುತ್ತದೆ. ಅವರಿಗೆ ಅದು ಗೊತ್ತಿತ್ತು. ಎರಡನೇ ಕ್ಲಾಸಿನ ಹುಡುಗಿಗೆ ಗೊತ್ತಿದ್ದದ್ದು ಒಂದೇ, ಪಪ್ಪನ ಬಲೆ ಹರಿಯುವುದಿಲ್ಲ ಎನ್ನುವುದು.

ದಸರಾ ರಜೆ. ಮಳೆ ಬಿಟ್ಟು ಕೆಲವೇ ದಿನವಾಗಿತ್ತು, ಬಾವಿಯಲ್ಲಿ ನೀರು ತುಂಬಿತ್ತು. ಗಂಡಸರೆಲ್ಲ ಬೋಟಿಗೆ ಹೋಗಿದ್ದರು. ನಾನು ಜಗಲಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬಾವಿಯ ಮೇಲೆ ಬಾಗಿದ ಪೇರಳೆ ಕೊಂಬೆಯಲ್ಲಿ ಒಂದು ಹಣ್ಣಾಗಿತ್ತಂತೆ. ಹುಡುಗಿ ಕಟ್ಟೆ ಹತ್ತಿ, ಕೈ ಎಟುಕದೆ, ಏನೂ ಯೋಚಿಸದೆ ಬಲೆಯ ಮೇಲೆ ಕಾಲಿಟ್ಟಳು. ದಪ್ಪ ಬಟ್ಟೆ ಹರಿದಂಥ ಒಂದು ಸದ್ದು ಕೇಳಿ ನಾನು ತಲೆ ಎತ್ತಿದೆ. ಅಷ್ಟರಲ್ಲಿ ನೀರಿನ ಸದ್ದು.

ತೆಂಗಿನಮರದ ಕೆಳಗೆ ಬಲೆ ಸರಿಮಾಡುತ್ತಿದ್ದವರು ಎದ್ದು ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಹೆಬ್ಬೆರಳಿಗೆ ಸಿಕ್ಕಿಸಿದ ಬಲೆ ಬಿಡಿಸಿಕೊಳ್ಳುವುದಕ್ಕೂ ನಿಲ್ಲಲಿಲ್ಲ. ಅಷ್ಟುದ್ದದ ಬಲೆ ಅವರ ಹಿಂದೆ ಅಂಗಳವನ್ನೆಲ್ಲ ಗುಡಿಸಿಕೊಂಡು ಬಂತು. ಅಷ್ಟೂ ವರ್ಷ ಬಾವಿಯ ಹತ್ತಿರ ಸುಳಿಯದ ಮನುಷ್ಯ ಕಟ್ಟೆಯ ಮೇಲೆ ಒಂದು ಕಾಲಿಟ್ಟಾಗ, ಹಿತ್ತಿಲಿನಿಂದ ಬಂದ ಹೆಂಡತಿ ಅವರ ಅಂಗಿ ಹಿಡಿದುಕೊಂಡರು.

"ನೀವು ಬೇಡ. ನಾನು ಇಳಿತೇನೆ" ಎಂದು ಆಕೆ ತುಳುವಿನಲ್ಲಿ ಹೇಳಿದ್ದು ನನಗೂ ಅರ್ಥವಾಯಿತು.

"ನಿನಗೆ ಈಜು ಬರ್ತದಾ?" ಎಂದರು. ಆಕೆಗೆ ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಆ ಅಂಗಳದಲ್ಲಿ ಈಜು ಬಲ್ಲವರು ನೀರಿಗೆ ಇಳಿಯಬಾರದ ಆ ಒಬ್ಬರೇ. ಹೆಬ್ಬೆರಳಿನ ಬಲೆ ಕಿತ್ತೆಸೆದು, ಅದರ ಜೊತೆ ಎಳೆದುಬಂದಿದ್ದ ಹೊಸ ಹಗ್ಗದ ಒಂದು ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು, ಇನ್ನೊಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಪೈಪು ಹಿಡಿದು ಸರ್ರನೆ ಇಳಿದರು.

ಹುಡುಗಿ ಪೈಪಿಗೆ ಅಪ್ಪಿಕೊಂಡಿದ್ದಳು. ಗಲ್ಲದವರೆಗೆ ನೀರು. ಹರಿದ ಬಲೆ ಅವಳ ಕಾಲಿಗೆ ಸುತ್ತಿಕೊಂಡು, ಅದರ ಇನ್ನೊಂದು ಕಡೆ ಕೆಳಗೆ ಎಲ್ಲೋ ಪಂಪಿಗೆ ಸಿಕ್ಕಿಹಾಕಿಕೊಂಡಿತ್ತು. ಎಳೆದರೆ ಮೇಲೆ ಬರುವಂತಿರಲಿಲ್ಲ. ಅವರು ಅವಳನ್ನು ಹೆಗಲಿಗೆ ಆನಿಸಿಕೊಂಡು, ಕಂಕುಳ ಕೆಳಗೆ ಹಗ್ಗ ಸುತ್ತಿ ಗಂಟು ಹಾಕಿದರು. ಹಗ್ಗ ಇನ್ನೂ ಬೇಕಾದಷ್ಟು ಉಳಿದಿತ್ತು.

"ನೀವೂ ಕಟ್ಟಿಕೊಳ್ಳಿ!" ಎಂದು ಹೆಂಡತಿ ಕೂಗಿದರು.

"ಬೇಡ. ನಾನು ಭಾರ ಉಂಟು. ಅವಳದ್ದು ಅವಳಿಗೇ ಇರಲಿ."

ಆಮೇಲೆ ಅವಳ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದರು. ಅವಳು ಬೇಡ ಬೇಡವೆಂದು ತಲೆ ಆಡಿಸಿದಳು. ಇನ್ನೊಮ್ಮೆ ಹೇಳಿದರು. ಅವಳು ಅಳುತ್ತಾ ಮತ್ತೆ ತಲೆ ಆಡಿಸಿದಳು. ಆಗ, ಮಗಳ ಮೇಲೆ ಎಂದೂ ದನಿ ಎತ್ತದ ಆ ಮನುಷ್ಯ ಬಾವಿಯೆಲ್ಲ ಗುಂಯ್ಗುಡುವಂತೆ ಗದರಿದರು. "ಹೇಳು! ಹೇಳು ಅಂದರೆ ಹೇಳು!" ಎಂದಿಷ್ಟು ಮೇಲಕ್ಕೆ ಕೇಳಿಸಿತು. ಅವಳು ಬಿಕ್ಕುತ್ತಾ ಏನೋ ಹೇಳಿದಳು. ಹೆಂಡತಿಗೆ ಸಿಟ್ಟು ಬಂತು. "ಈಗ ಬೈಯುವುದಾ ಮಗುವಿಗೆ? ಇನ್ನು ಮರ ಹತ್ತುವುದಿಲ್ಲ ಅಂತ ಆಮೇಲೆ ಹೇಳಿಸಿದರೆ ಆಗುದಿಲ್ವಾ?" ಎಂದು ಮೇಲಿಂದಲೇ ಅವರಿಗೆ ಬೈದರು. ಅವರು ಒಂದು ಉಸಿರು ತೆಗೆದುಕೊಂಡು ಶುರುಮಾಡಿದರು.

"ಉಚ್ಚಿಲ, ಮೂಳೂರು, ಕಾಪು ಕಾಪು ಕಾಪು..."

ನಕ್ಕುಬಿಡಬೇಕಾದ ಮಾತು. ಯಾರೂ ನಗಲಿಲ್ಲ. ಆ ಕೂಗು ನಿಂತರೆ ಏನರ್ಥ ಎಂದು ಅಂಗಳದಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಷ್ಟರಲ್ಲಿ ಆಚೆಮನೆಯ ಇಬ್ಬರು ಹೆಂಗಸರು ಬಂದು ಹಗ್ಗಕ್ಕೆ ಕೈ ಕೊಟ್ಟಿದ್ದರು. ಮಗು ಮುಳುಗದಂತೆ ನಾವು ನಾಲ್ವರೂ ಬಿಗಿಹಿಡಿದು ನಿಂತೆವು. ಕಾಲು ಬಿಡಿಸಲು ಅವರು ನೀರಿನೊಳಗೆ ಹೋಗಲೇಬೇಕಿತ್ತು. "ಉದ್ಯಾವರ. ಈಗ ಸಂಕ ಬಂತು" ಎಂದು ಹೇಳಿ ಮುಳುಗಿದರು. ಉದ್ಯಾವರದಲ್ಲಿ ಹೊಳೆ ದಾಟುವ ಸೇತುವೆ ಇದೆಯಲ್ಲ, ಅದು. ನೀರಿನ ಮೇಲೆ ಗುಳ್ಳೆ ಮಾತ್ರ ಕಾಣುತ್ತಿತ್ತು.

"ಎಲ್ಲಿಗೆ ಮುಟ್ಟಿತು?" ಹೆಂಡತಿ ಕೂಗಿದರು. ಉತ್ತರವಿಲ್ಲ. "ಎಲ್ಲಿಗೆ ಮುಟ್ಟಿತು ಮಾರಾಯ್ರೆ?" ಆ ಹೆಂಗಸಿನ ಸ್ವರ ಹಾಗೆ ಒಡೆದದ್ದನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ತಲೆ ಮೇಲೆ ಬಂತು. ಕೆಮ್ಮಿ, ನೀರು ಉಗುಳಿ, "ಸಂಕ ದಾಟಿತು. ಅಂಬಲಪಾಡಿ!" ಎಂದರು. "ಎಳೆಯಿರಿ!"

ಎಳೆದೆವು. ಹುಡುಗಿ ಬಂದು ನನ್ನ ಮೈಮೇಲೆ ಬಿದ್ದಳು. ಅವಳ ಕಾಲಿನಲ್ಲಿ ಬಲೆಯ ಒಂದು ಎಳೆಯೂ ಉಳಿದಿರಲಿಲ್ಲ.

ಅವರನ್ನು ಎಳೆಯಲು ನಮ್ಮಿಂದ ಆಗಲಿಲ್ಲ. ಹಗ್ಗ ಮತ್ತೆ ಇಳಿಬಿಟ್ಟು, ಈಗಲಾದರೂ ಸೊಂಟಕ್ಕೆ ಕಟ್ಟಿಕೊಳ್ಳಿ ಎಂದರೆ, ಕೈ ಮರಗಟ್ಟಿ ಗಂಟು ಹಾಕಲು ಆಗದೆ ಪೈಪು ಅಪ್ಪಿಕೊಂಡು ನಿಂತರು. ಆಚೆಮನೆಯಾಕೆ ಹೈವೇಯ ರಿಕ್ಷಾ ಸ್ಟ್ಯಾಂಡಿಗೆ ಓಡಿದರು. ಉಡುಪಿ ಆಯಿತು, ಮಣಿಪಾಲ ಆಯಿತು. ಪರ್ಕಳದ ಹತ್ತಿರ ಸ್ವರ ನಿಂತಿತು. ಹೆಂಡತಿ ಕಟ್ಟೆಯ ಮೇಲೆ ಕಾಲೆತ್ತಿಯೇ ಬಿಟ್ಟಿದ್ದರು. ಅಷ್ಟರಲ್ಲಿ ಕೆಳಗಿನಿಂದ, "ಹತ್ತುವವರು ತುಂಬ ಜನ ಉಂಟು. ಸ್ವಲ್ಪ ನಿಲ್ಲಿ" ಎಂದು ತೆಳ್ಳಗಿನ ದನಿ ಬಂತು. ಆಕೆ ಅಳುತ್ತಲೇ ನಕ್ಕರು. ರಿಕ್ಷಾದವರು ಬಂದು, ಒಬ್ಬ ಕೆಳಗಿಳಿದು ಹಗ್ಗ ಕಟ್ಟಿ, ಉಳಿದವರು ಮೇಲೆಳೆದುಕೊಂಡಾಗ ಅವರು ಬೈಲೂರು ದಾಟಿದ್ದರು. ಕಟ್ಟೆಗೆ ಕಾಲು ತಾಗಿಸಿ, "ಕಾರ್ಕಳ. ಲಾಸ್ಟ್ ಸ್ಟಾಪ್" ಎಂದು ಕೂತರು.

ತಲೆ ಒರೆಸುವ ಮೊದಲೇ ಫಿಟ್ಸ್ ಬಂತು, ಒಣಗಿದ ಸಿಮೆಂಟಿನ ಮೇಲೆ. ಹೆಂಡತಿ ಮಗ್ಗುಲಿಗೆ ಹೊರಳಿಸಿದರು. ಅವರ ಮುಷ್ಟಿಗೆ ನನ್ನ ಸೆರಗು ಸಿಕ್ಕಿಕೊಂಡಿತ್ತು. ಬಿಡಿಸಲು ಮೂವರು ಸೇರಿದರೂ ಆಗಲಿಲ್ಲ. ಕೊನೆಗೆ ಕತ್ತರಿ ತಂದು ಸೀರೆಯನ್ನೇ ಕತ್ತರಿಸಬೇಕಾಯಿತು. ಆ ತುಂಡು ಸೀರೆಯ ವಿಷಯ ಎತ್ತಿ ಅವರು ಪ್ರತಿ ದಸರಾಕ್ಕೂ ನನ್ನ ಕ್ಷಮೆ ಕೇಳುತ್ತಿದ್ದರು.

ಮುಂದಿನ ಸಲ ಮಣಿಪಾಲಕ್ಕೆ ಹೋದಾಗ ಡಾಕ್ಟರು ವಿಷಯ ಕೇಳಿ ಕೆಂಡವಾದರಂತೆ. "ನೀರಿನ ಹತ್ತಿರ ಹೋಗಬೇಡಿ ಎಂದಿದ್ದೆನಲ್ಲ?" ಇವರು ತಮ್ಮ ಅಚ್ಚುಕಟ್ಟು ಕನ್ನಡದಲ್ಲಿ, "ನಾನು ನೀರಿನ ಹತ್ತಿರ ಹೋಗಲಿಲ್ಲ ಸಾರ್, ಮಗಳ ಹತ್ತಿರ ಹೋದೆ. ಅವಳು ನೀರಿನಲ್ಲಿ ಇದ್ದಳು" ಎಂದರಂತೆ. ಡಾಕ್ಟರು ಮಾತ್ರೆ ತಪ್ಪಿಸಬೇಡಿ ಎಂದಷ್ಟೇ ಹೇಳಿ ಕಳಿಸಿದರಂತೆ.

ಬಾವಿಗೆ ಕಬ್ಬಿಣದ ಜಾಲರಿ ಬಂತು. ತೆಂಗಿನಮರದ ಉಯ್ಯಾಲೆ ಅವತ್ತೇ ಇಳಿಯಿತು. ಅವರ ಬಾಯಿಂದ ಒಂದು ಮಾತು ಸಂಪೂರ್ಣ ಹೋಯಿತು. ಬೋಟಿನವರು ಬಲೆ ಒಯ್ಯಲು ಬಂದು, "ಗಟ್ಟಿ ಉಂಟಲ್ಲ?" ಎಂದರೆ, "ಹೇಳ್ಲಿಕ್ಕೆ ಆಗುವುದಿಲ್ಲ. ನೋಡಿಕೊಂಡು ಹಾಕಿ" ಎನ್ನುವರು. ಅವರಷ್ಟು ಗಟ್ಟಿ ಗಂಟು ಹಾಕುವವರು ಸುತ್ತಮುತ್ತ ಇರಲಿಲ್ಲ. ಆದರೂ ಹರಿಯುವುದಿಲ್ಲ ಎಂದು ಮತ್ತೆ ಬಾಯಿಬಿಟ್ಟು ಹೇಳಲಿಲ್ಲ.

ಹುಡುಗಿ ಬೆಳೆದಳು. ಈಗ ಪರ್ಕಳದಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡು ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳಿಗೆ ಫೋನು ಮಾಡಿದಾಗ ಇವರ ಮೊದಲ ಮಾತು, "ಪರ್ಕಳ ಇಳಿಯುವವರು ಯಾರು ಉಂಟು?" ಅವಳು ಆ ಕಡೆಯಿಂದ ಸ್ಪೀಕರಿಗೆ ಹಾಕಿ ಗೆಳತಿಯರಿಗೆಲ್ಲ ಕೇಳಿಸುತ್ತಿದ್ದಳಂತೆ.

ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಒರಗಿದವರು ಏಳಲಿಲ್ಲ. ಫಿಟ್ಸ್ ಅಲ್ಲ, ಹೃದಯ ಎಂದರು. ಅಷ್ಟು ವರ್ಷ ನೀರು, ಬೆಂಕಿ, ಎತ್ತರ ಎಲ್ಲ ಕಾದುಕೊಂಡವರು ಚಾಪೆಯ ಮೇಲೆ ಹೋದರು. ನನಗೆ ಆ ಚಾಪೆಯ ಮೇಲೇ ಸಿಟ್ಟು ಬಂತು.

ಬೊಜ್ಜದ ದಿನ ಉತ್ತರಕ್ರಿಯೆಯೆಲ್ಲ ಮುಗಿದು, ಊಟಕ್ಕೆ ಬಂದವರು ಹೊರಟ ಮೇಲೆ ಮಗಳು ಬಾವಿಕಟ್ಟೆಯಲ್ಲಿ ಕೂತಿದ್ದಳು. ನಾನೂ ಹೋಗಿ ಕೂತೆ. ಪೇರಳೆ ಮರ ಹಾಗೆಯೇ ಇದೆ. ಅವಳು ಜಾಲರಿಯ ಕಬ್ಬಿಣವನ್ನು ಉಗುರಿನಿಂದ ಕೆರೆಯುತ್ತಾ, "ಟೀಚರ್, ಅವತ್ತು ಪಪ್ಪ ನನಗೆ ಎಂತ ಹೇಳಿದ್ದು ಅಂತ ನಿಮಗೆ ಗೊತ್ತುಂಟಾ?" ಎಂದಳು.

"ಇನ್ನು ಮರ ಹತ್ತುವುದಿಲ್ಲ ಅಂತ ಹೇಳಿಸಿದರಲ್ಲ?"

"ಅಲ್ಲ." ತಾಯಿ ಒಳಗಿದ್ದಾರೆಯೇ ಎಂದು ಒಮ್ಮೆ ಮನೆಯ ಕಡೆ ನೋಡಿದಳು. "ನನ್ನ ಕೂಗು ನಿಂತರೆ ನನ್ನ ಕೈ ನಿನ್ನನ್ನು ಗಟ್ಟಿ ಹಿಡಿದುಕೊಳ್ತದೆ. ಎಳೆದುಕೊಂಡು ಕೆಳಗೆ ಹೋಗ್ತದೆ. ಅದು ಪಪ್ಪ ಅಲ್ಲ, ಕಾಯಿಲೆ. ಹೆದರಬೇಡ. ಮುಖ ನೋಡಬೇಡ. ಒದ್ದು ಬಿಡಿಸಿಕೊ. ಹೀಗೆ ಹೇಳಿದ್ದು. ಒದಿತೇನೆ ಅಂತ ಹೇಳು ಅಂದರು. ನಾನು ಹೇಳಲಿಲ್ಲ. ಅದಕ್ಕೇ ಗದರಿದ್ದು. ಉಚ್ಚಿಲದ ದೇವಸ್ಥಾನದ ಅಮ್ಮನ ಮೇಲೆ ಆಣೆ ಹಾಕಿಸಿದರು."

ನನ್ನ ಕಣ್ಣಿಗೆ ಆ ಮುಷ್ಟಿ ಬಂತು, ಕತ್ತರಿಯಿಂದಷ್ಟೇ ಬಿಟ್ಟ ಆ ಸೀರೆಯ ತುಂಡು ಬಂತು. "ನೀನು ಹಾಕಿದೆಯಾ?" ಎಂದೆ.

"ಹಾಕಿದೆ. ಅವರು ಬಿಡಬೇಕಲ್ಲ." ಅವಳು ಜಾಲರಿಯಿಂದ ಕೈ ತೆಗೆದಳು. "ಸುಳ್ಳು ಆಣೆ ಟೀಚರ್. ನಾನು ಒದೆಯುತ್ತಿರಲಿಲ್ಲ."

ಅಷ್ಟರಲ್ಲಿ ಅವಳ ತಾಯಿ ಎರಡು ಲೋಟ ಚಹಾ ಹಿಡಿದುಕೊಂಡು ಬಂದರು. ಅತ್ತು ಅತ್ತು ಮುಖ ಊದಿಕೊಂಡಿತ್ತು. "ಎಂತ ಮಾತಾಡ್ತಾ ಇದ್ದೀರಿ?" ಎಂದರು.

"ಎಂತ ಇಲ್ಲ ಅಮ್ಮ. ಪಪ್ಪ ಅವತ್ತು ಬಾವಿಯಲ್ಲಿ ಬೈದದ್ದು."

"ಹೌದು ಮಾರಾಯ್ತಿ" ಎಂದು ಆಕೆ ಕಟ್ಟೆಗೆ ಒರಗಿ, ಇಷ್ಟು ದಿನಗಳಲ್ಲಿ ಮೊದಲ ಸಲ ಸ್ವಲ್ಪ ನಕ್ಕರು. "ಇಡೀ ಜನ್ಮದಲ್ಲಿ ಮಗಳಿಗೆ ಬೈದದ್ದು ಒಂದೇ ಸಲ. ಅದೂ ಒಂದು ಪೇರಳೆಹಣ್ಣಿಗೆ."

ಮಗಳು ತಾಯಿಯ ಕೈಯಿಂದ ಲೋಟ ತೆಗೆದುಕೊಂಡಳು.

"ಹೌದಮ್ಮ" ಎಂದಳು. "ಪೇರಳೆಹಣ್ಣಿಗೇ."